ಕಾಣದ ಹೊಗೆಯ ಲೆಕ್ಕ ಇಟ್ಟವರು

(ನರ್ಸ್ ಡ್ಯೂಟಿ ಮುಗಿದ ಮೇಲೆ – ಭಾಗ 14)

ಮಕ್ಕಳ ಆಸ್ತಮಾ ಬಗ್ಗೆ ಬರೆದ ಕಳೆದ ಭಾಗಕ್ಕೆ ಬಂದ ಪ್ರತಿಕ್ರಿಯೆಗಳಲ್ಲಿ ಹೆಚ್ಚಿನವರದ್ದು ಒಂದೇ ಪ್ರಶ್ನೆ: "ಅಕ್ಕಾ, ಯಾವ ಏರ್ ಪ್ಯೂರಿಫೈಯರ್ ತಗೊಳ್ಳೋದು?" ಉತ್ತರ ಈ ಪೋಸ್ಟಿನ ಕೊನೆಯಲ್ಲಿದೆ. ಆದರೆ ನೇರವಾಗಿ ಅಲ್ಲಿಗೆ ಹೋಗಬೇಡಿ. ನಾವು ಬದುಕುತ್ತಿರುವ ಈ ನ್ಯೂಯಾರ್ಕ್–ನ್ಯೂಜೆರ್ಸಿ ಸೀಮೆಯ ಗಾಳಿ ಹೇಗೆ ಕೆಟ್ಟಿತು, ಹೇಗೆ ಸರಿಹೋಯಿತು, ಎಲ್ಲಿ ಇನ್ನೂ ಸರಿಹೋಗಿಲ್ಲ ಅನ್ನುವುದು ಗೊತ್ತಾದರೆ ಆ ಪೆಟ್ಟಿಗೆಯಿಂದ ಏನು ನಿರೀಕ್ಷಿಸಬಹುದು, ಏನು ನಿರೀಕ್ಷಿಸಬಾರದು ಅನ್ನುವುದೂ ಗೊತ್ತಾಗುತ್ತದೆ.

ಉಬ್ಬಸ ಬಂದು ಅಡ್ಮಿಟ್ ಆದ ಮಗುವನ್ನು ಮನೆಗೆ ಕಳಿಸುವ ಮುಂಚೆ ನಾವು ನರ್ಸುಗಳು ತಾಯಿ ತಂದೆಯರನ್ನು ಕೆಲವು ಪ್ರಶ್ನೆ ಕೇಳುತ್ತೇವೆ. ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಾರಾ? ಒಲೆ ಗ್ಯಾಸಿನದೋ, ಕರೆಂಟಿನದೋ? ಅಡುಗೆಮನೆಯ ಫ್ಯಾನು ಹೊಗೆಯನ್ನು ಹೊರಗೆ ಹಾಕುತ್ತದೋ, ಮನೆಯೊಳಗೇ ತಿರುಗಿಸುತ್ತದೋ? ಗೋಡೆಯಲ್ಲಿ ಬೂಷ್ಟು ಇದೆಯಾ? ಹೈವೇ ಎಷ್ಟು ದೂರ? ಮಗು ಮಲಗುವುದು ಬೇಸ್‌ಮೆಂಟಿನಲ್ಲಾ? ನಮ್ಮವರು ಇದನ್ನು ಆಸ್ಪತ್ರೆಯ ಕಾಗದಪತ್ರದ ಕೆಲಸ ಅಂದುಕೊಂಡು ಬೇಗ ಬೇಗ "ನೋ, ನೋ" ಅನ್ನುತ್ತಾರೆ. ಆದರೆ ಈ ಪಟ್ಟಿಯ ಒಂದೊಂದು ಪ್ರಶ್ನೆಯ ಹಿಂದೆಯೂ ಯಾರೋ ಕೂತು ಮಾಡಿದ ಲೆಕ್ಕ ಇದೆ. ಕೆಲವು ಕಡೆ ಅದು ಸತ್ತವರ ಲೆಕ್ಕ.

ಕಿಟಕಿಯಿಂದ ಶುರುಮಾಡೋಣ. ನಮ್ಮ ವೃತ್ತಿಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ 1859ರ ಹೊತ್ತಿಗೇ ರೋಗಿಯ ಆರೈಕೆಯಲ್ಲಿ ಎಲ್ಲಕ್ಕಿಂತ ಮೊದಲ ಸ್ಥಾನವನ್ನು ಶುದ್ಧ ಗಾಳಿಗೆ ಕೊಟ್ಟಿದ್ದರು. ಔಷಧಿ, ಪಥ್ಯ ಎಲ್ಲ ಆಮೇಲೆ. 1893ರಲ್ಲಿ ಲಿಲಿಯನ್ ವಾಲ್ಡ್ ಎಂಬ ನರ್ಸ್ ಮ್ಯಾನ್‌ಹಟನ್ನಿನ ಲೋಯರ್ ಈಸ್ಟ್ ಸೈಡಿನಲ್ಲಿ ವಲಸೆ ಬಂದ ಹೆಂಗಸರಿಗೆ ಮನೆ ಆರೈಕೆಯ ಪಾಠ ಹೇಳುತ್ತಿದ್ದರು. ಒಂದು ದಿನ ಪುಟ್ಟ ಹುಡುಗಿಯೊಬ್ಬಳು ಬಂದು, ಬಾಣಂತಿ ತಾಯಿಗೆ ಹುಷಾರಿಲ್ಲ ಅಂತ ಅವರನ್ನು ಮನೆಗೆ ಕರೆದೊಯ್ದಳು. ಅಲ್ಲಿ ಕಂಡದ್ದೇ ವಾಲ್ಡ್ ಅವರ ಬದುಕಿನ ದಿಕ್ಕು ಬದಲಿಸಿತು. ಅವರು ಕಟ್ಟಿದ ಹೆನ್ರಿ ಸ್ಟ್ರೀಟ್ ಸೆಟಲ್‌ಮೆಂಟ್ ಇವತ್ತಿಗೂ ಇದೆ. ಮನೆ ಮನೆಗೆ ಹೋಗಿ ಆರೈಕೆ ಮಾಡುವ ಸಾರ್ವಜನಿಕ ಆರೋಗ್ಯ ನರ್ಸ್ ಅನ್ನುವ ಕಲ್ಪನೆ ಈ ದೇಶದಲ್ಲಿ ಬೇರು ಬಿಟ್ಟದ್ದು ಅವರಿಂದ.

ಆ ಕಾಲದ ಟೆನೆಮೆಂಟ್ ಕಟ್ಟಡಗಳನ್ನು ನಮ್ಮ ಹಳೆಯ ವಠಾರದ ಹಾಗೆ ಅಂದುಕೊಳ್ಳಿ, ಆದರೆ ಐದಾರು ಮಹಡಿ, ಮಧ್ಯೆ ಅಂಗಳ ಇಲ್ಲ. ಒಳಗಿನ ಎಷ್ಟೋ ಕೋಣೆಗಳಿಗೆ ಕಿಟಕಿಯೇ ಇರಲಿಲ್ಲ. ಗಾಳಿಗೆಂದು ಬಿಟ್ಟ ಕಿರಿದಾದ ಸಂದಿನಲ್ಲಿ ಕಸ ತುಂಬಿ ಕೊಳೆಯುತ್ತಿತ್ತು. ಕಲ್ಲಿದ್ದಲ ಒಲೆ, ಹೊಲಿಗೆ ಕೆಲಸ, ಅಡುಗೆ, ನಿದ್ದೆ, ಕ್ಷಯ ಎಲ್ಲ ಅದೇ ಕೋಣೆಯಲ್ಲಿ. 1901ರ ಟೆನೆಮೆಂಟ್ ಹೌಸ್ ಕಾನೂನು ಹೊಸ ಕಟ್ಟಡಗಳ ಪ್ರತಿ ಕೋಣೆಗೂ ಹೊರಗಿನ ಗಾಳಿಗೆ ತೆರೆಯುವ ಕಿಟಕಿ ಇರಲೇಬೇಕು ಅಂದಿತು. "ಕಿಟಕಿ ತೆಗೀರಿ" ಅಂತ ಇವತ್ತು ನಾನು ಸುಲಭವಾಗಿ ಹೇಳುತ್ತೇನೆ. ಹಾಗೆ ಹೇಳುವುದಕ್ಕೆ ಮೊದಲು ಗೋಡೆಯಲ್ಲಿ ಕಿಟಕಿ ಇರಬೇಕು, ಆ ಕಿಟಕಿ ಬಂದದ್ದು ಕಾನೂನಿನಿಂದ.

ಕಿಟಕಿ ಬಂತು, ಸರಿ. ಆದರೆ ಕಿಟಕಿಯ ಹೊರಗೇನಿತ್ತು?

ಇಪ್ಪತ್ತನೆಯ ಶತಮಾನದ ಮಧ್ಯದ ನ್ಯೂಯಾರ್ಕಿನಲ್ಲಿ ಒಗೆದು ಒಣಹಾಕಿದ ಬಿಳಿ ಬಟ್ಟೆಯ ಮೇಲೆ ಮಸಿ ಬೀಳುವುದು ಮಾಮೂಲಿಯಾಗಿತ್ತು. ಜನ ಅದನ್ನು ಪಟ್ಟಣದ ಗುಣ ಅಂತ ಒಪ್ಪಿಕೊಂಡಿದ್ದರು. ಅಷ್ಟರಲ್ಲಿ ಎರಡು ಕಡೆ ಎಚ್ಚರಿಕೆಯ ಗಂಟೆ ಬಾರಿಸಿತು. 1948ರ ಅಕ್ಟೋಬರ್ ಕೊನೆಯಲ್ಲಿ ಪೆನ್ಸಿಲ್ವೇನಿಯಾದ ಡೊನೋರಾ ಎಂಬ ಸಣ್ಣ ಊರಿನಲ್ಲಿ ಸತು ಮತ್ತು ಉಕ್ಕಿನ ಕಾರ್ಖಾನೆಗಳ ಹೊಗೆ ಕಣಿವೆಯಲ್ಲಿ ಸಿಕ್ಕಿಕೊಂಡು 20 ಜನ ಸತ್ತರು, ಸಾವಿರಾರು ಜನ ಹಾಸಿಗೆ ಹಿಡಿದರು. 1952ರ ಡಿಸೆಂಬರಿನಲ್ಲಿ ಲಂಡನ್ನಿನ ಹೊಗೆಮಂಜು ಐದು ದಿನ ಕದಲದೆ ನಿಂತು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಎರಡೂ ಕಡೆ ಕಾರಣ ಒಂದೇ. ಸಾಮಾನ್ಯವಾಗಿ ನೆಲದ ಹತ್ತಿರದ ಬಿಸಿ ಗಾಳಿ ಮೇಲೇರಿ ಹೊಗೆಯನ್ನೂ ಒಯ್ಯುತ್ತದೆ. ಕೆಲವು ದಿನ ಮೇಲೆ ಬೆಚ್ಚನೆಯ ಗಾಳಿಯ ಪದರ ಬಂದು ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಕೂರುತ್ತದೆ. ಆಗ ಕೆಳಗೆ ಎಷ್ಟು ಸುಟ್ಟರೂ ಅದು ಅಲ್ಲೇ ಉಳಿಯುತ್ತದೆ.

ನ್ಯೂಯಾರ್ಕಿಗೆ ಅಂಥ ಮುಚ್ಚಳ ಬಿದ್ದದ್ದು 1953ರ ನವೆಂಬರಿನಲ್ಲಿ. ಜನರಿಗೆ ಕಣ್ಣು ಉರಿಯಿತು, ಕೆಮ್ಮು ಬಂತು. ಗಾಳಿ ಬೀಸಿ ಹೊಗೆ ಹೋಯಿತು. ಯಾರೂ ಸತ್ತರು ಅಂತ ಆಗ ಯಾರಿಗೂ ಅನ್ನಿಸಲಿಲ್ಲ. ನಗರದ ವಾಯುಮಾಲಿನ್ಯ ನಿಯಂತ್ರಣ ಇಲಾಖೆಯ ಮೊದಲ ಮುಖ್ಯಸ್ಥರಾಗಿದ್ದ ಡಾ. ಲೆನರ್ಡ್ ಗ್ರೀನ್‌ಬರ್ಗ್ ಆಮೇಲೆ ಆ ದಿನಗಳ ಸಾವಿನ ದಾಖಲೆಗಳನ್ನು ತೆಗೆದು, ಆಚೀಚಿನ ವರ್ಷಗಳ ಅದೇ ದಿನಗಳ ಜೊತೆ ಹೋಲಿಸಿ ನೋಡಿದರು. ಸುಮಾರು 200 ಸಾವು ಹೆಚ್ಚಾಗಿದ್ದವು. ಆ ವರದಿ ಅಚ್ಚಾದದ್ದು 1962ರಲ್ಲಿ, ಅಂದರೆ ಘಟನೆ ನಡೆದು ಒಂಬತ್ತನೆಯ ವರ್ಷಕ್ಕೆ.

ನರ್ಸ್ ಆಗಿ ನನಗೆ ಈ ವಿಷಯ ತುಂಬಾ ಕಾಡುತ್ತದೆ. ಕೆಟ್ಟ ಗಾಳಿಯಿಂದ ಸತ್ತವರ ಸರ್ಟಿಫಿಕೇಟಿನಲ್ಲಿ "ಕೆಟ್ಟ ಗಾಳಿ" ಅಂತ ಯಾರೂ ಬರೆಯುವುದಿಲ್ಲ. ಹೃದಯಾಘಾತ, ನ್ಯುಮೋನಿಯಾ, ಹಳೇ ಉಬ್ಬಸ ಅಂತ ಬರೆಯುತ್ತಾರೆ. ಒಬ್ಬೊಬ್ಬರನ್ನೇ ನೋಡಿದರೆ ಕಾರಣ ಕಾಣುವುದಿಲ್ಲ, ಎಲ್ಲರನ್ನೂ ಕೂಡಿಸಿ ಎಣಿಸಿದಾಗ ಮಾತ್ರ ಕಾಣುತ್ತದೆ.

ಸರಿ, ಆ ಹೊಗೆ ಬರುತ್ತಿದ್ದದ್ದು ಎಲ್ಲಿಂದ? ಕಾರ್ಖಾನೆ, ವಿದ್ಯುತ್ ಸ್ಥಾವರ, ವಾಹನಗಳ ಪಾಲಂತೂ ಇತ್ತು. ಅದರ ಜೊತೆಗೆ ಜನ ದಿನಾ ಮಾಡುತ್ತಿದ್ದ ಒಂದು ತೀರಾ ಸಾಮಾನ್ಯ ಕೆಲಸವೂ ಸೇರಿತ್ತು: ಕಸ ಬಿಸಾಡುವುದು. ದೊಡ್ಡ ಅಪಾರ್ಟ್‌ಮೆಂಟುಗಳ ಪ್ರತಿ ಮಹಡಿಯಲ್ಲೂ ಗೋಡೆಯಲ್ಲೊಂದು ಸಣ್ಣ ಬಾಗಿಲು. ತೆಗೆದು ಕಸ ಹಾಕಿದರೆ ಕೊಳವೆಯಲ್ಲಿ ಜಾರಿ ತಳಮಹಡಿಗೆ ಹೋಗಿ ಬೀಳುತ್ತಿತ್ತು. ಅಲ್ಲಿ ಅದನ್ನು ಸುಡುತ್ತಿದ್ದರು. 1950ರ ದಶಕದಲ್ಲಿ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಇಂಥ ಕಸದ ಒಲೆ ಇರಬೇಕು ಅಂತ ನಗರವೇ ನಿಯಮ ಮಾಡಿತ್ತು. 1960ರ ದಶಕದ ಹೊತ್ತಿಗೆ ಇಂಥ ಒಲೆಗಳು ಸುಮಾರು 17,000 ಇದ್ದವು. ನಗರಪಾಲಿಕೆಯ ದೊಡ್ಡ ಕಸದ ಒಲೆಗಳು ಬೇರೆ. ಬಾಗಿಲು ಮುಚ್ಚಿದ ಕೂಡಲೇ ಕಸ ಮಾಯವಾಯಿತು ಅಂತ ಜನ ಅಂದುಕೊಳ್ಳುತ್ತಿದ್ದರು. ಅದೇ ಕಸ ಮಸಿಯಾಗಿ ಅವರ ಕಿಟಕಿಯ ಅಂಚಿಗೇ ವಾಪಸ್ ಬರುತ್ತಿತ್ತು.

ಇದನ್ನು ಓದಿ ನಗುವುದಕ್ಕೆ ಮುಂಚೆ ನಮ್ಮೂರಿನ ಬಚ್ಚಲ ಹಂಡೆಯ ಒಲೆ ನೆನಪಿಸಿಕೊಳ್ಳಿ. ತೆಂಗಿನ ಗರಿ, ಮಟ್ಟೆ ಜೊತೆಗೆ ಹಾಲಿನ ಪ್ಲಾಸ್ಟಿಕ್ ಕವರು, ಹರಿದ ಚಪ್ಪಲಿ ಎಲ್ಲ ಅದರೊಳಗೇ. ಬೆಂಗಳೂರಿನ ರಸ್ತೆ ಮೂಲೆಯಲ್ಲಿ ಗುಡಿಸಿದ ಎಲೆಗೆ ಬೆಂಕಿ ಇಡುವುದೂ ಅದೇ ಅಭ್ಯಾಸ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಆದೇಶ ಮಾಡಿದೆ.

ಮತ್ತೆ ನ್ಯೂಯಾರ್ಕಿಗೆ ಬರೋಣ. ಹೇಜಲ್ ಹೆಂಡರ್ಸನ್ ಎಂಬ ತಾಯಿ. ನಮ್ಮ ಹಾಗೇ ವಲಸೆ ಬಂದವರು, ಹುಟ್ಟಿದ್ದು ಬ್ರಿಟನ್ನಿನಲ್ಲಿ. ಪುಟ್ಟ ಮಗಳನ್ನು ಪಾರ್ಕಿಗೆ ಕರೆದೊಯ್ದಾಗ ಮಗುವಿನ ಮೈಮೇಲೆ ಮಸಿ ಕೂರುವುದನ್ನು ನೋಡಿ ಬೇರೆ ತಾಯಂದಿರ ಜೊತೆ ಮಾತಾಡಿದರು. 1964ರಲ್ಲಿ ಕ್ಯಾರೊಲಿನ್ ಕಾನ್‌ಹೈಮ್ ಮುಂತಾದವರ ಜೊತೆ ಸೇರಿ 'ಸಿಟಿಜನ್ಸ್ ಫಾರ್ ಕ್ಲೀನ್ ಏರ್' ಎಂಬ ಸಂಘ ಕಟ್ಟಿದರು. ಅವರ ಬೇಡಿಕೆಗಳಲ್ಲಿ ಒಂದು ಎಷ್ಟು ಸರಳ ನೋಡಿ: ಟಿವಿಯಲ್ಲಿ ಹವಾಮಾನ ವರದಿ ಓದುವಾಗ ಇವತ್ತಿನ ಗಾಳಿ ಎಷ್ಟು ಕೆಟ್ಟಿದೆ ಅನ್ನುವ ಸಂಖ್ಯೆಯನ್ನೂ ಓದಿ. ಪತ್ರದ ಮೇಲೆ ಪತ್ರ ಬರೆದು ಅದನ್ನು ಸಾಧಿಸಿದರು. ಇವತ್ತು ನಾವು ಫೋನ್ ತೆಗೆದು ಎಕ್ಯೂಐ ನೋಡುತ್ತೇವಲ್ಲ, ಅದು ಕೇಳಿ ಪಡೆದದ್ದು, ತಾನಾಗಿ ಬಂದದ್ದಲ್ಲ.

1966ರಲ್ಲಿ ನಗರ ಕಸದ ಒಲೆಗಳ ಮೇಲೂ ಇಂಧನದಲ್ಲಿರುವ ಗಂಧಕದ ಮೇಲೂ ಹೊಸ ಕಾನೂನು ಮಾಡಿತು. ಅದು ಪೂರ್ತಿ ಜಾರಿಗೆ ಬರುವ ಮುಂಚೆಯೇ ನವೆಂಬರ್ 23ರಿಂದ, ಥ್ಯಾಂಕ್ಸ್‌ಗಿವಿಂಗ್ ರಜೆಯ ಹೊತ್ತಿಗೆ, ಮತ್ತೆ ಮುಚ್ಚಳ ಬಿತ್ತು. 25ರಂದು ಎಚ್ಚರಿಕೆ ಘೋಷಣೆ ಆಯಿತು. ನಗರಪಾಲಿಕೆಯ ಕಸದ ಒಲೆಗಳನ್ನು ಆರಿಸಿದರು. ಅಪಾರ್ಟ್‌ಮೆಂಟಿನವರೂ ಕಸ ಸುಡಬೇಡಿ, ಮನೆ ಹೀಟಿಂಗ್ ಇಳಿಸಿ, ಕಾರು ಹೊರಗೆ ತೆಗೆಯಬೇಡಿ ಅಂತ ಕೇಳಿಕೊಂಡರು. 26ರಂದು ತಣ್ಣನೆಯ ಗಾಳಿ ಬೀಸಿ ಹೊಗೆ ಹೋಯಿತು. ಮೊದಮೊದಲು ಸಾವೇನೂ ಆಗಿಲ್ಲ ಅನ್ನುವ ಮಾತೇ ಇತ್ತು. ಮತ್ತೆ ಅದೇ ಗ್ರೀನ್‌ಬರ್ಗ್ ಮತ್ತು ಸಂಗಡಿಗರು ಲೆಕ್ಕಕ್ಕೆ ಕೂತರು. 1967ರಲ್ಲಿ ಬಂದ ಉತ್ತರ: ಆ ವಾರ ದಿನಕ್ಕೆ 24ರಂತೆ ಏಳು ದಿನಕ್ಕೆ 168 ಹೆಚ್ಚುವರಿ ಸಾವು.

ಈ ಸಲ ಒಂಬತ್ತು ವರ್ಷ ಕಾಯಬೇಕಾಗಿ ಬರಲಿಲ್ಲ, ಹಾಗಾಗಿ ಆ ಲೆಕ್ಕಕ್ಕೆ ಬೆಲೆ ಬಂತು. ದೇಶದ ದೊಡ್ಡ ಶುದ್ಧಗಾಳಿ ಕಾನೂನಿಗೆ 1970ರ ಡಿಸೆಂಬರ್ 31ರಂದು ಸಹಿ ಬಿತ್ತು. ಅದಕ್ಕೆ ಬೇಕಾದ ಒತ್ತಡ ಹುಟ್ಟಿಸಿದ ಘಟನೆಗಳಲ್ಲಿ ನ್ಯೂಯಾರ್ಕಿನ ಈ ವಾರವೂ ಒಂದು. ಅಪಾರ್ಟ್‌ಮೆಂಟಿನ ಕೊನೆಯ ಕಸದ ಒಲೆಗಳು ಆರಲು ಮಾತ್ರ 1993 ಬರಬೇಕಾಯಿತು. ಹಳೆಯ ಕಟ್ಟಡಗಳಲ್ಲಿ ಆ ಕೊಳವೆ ಈಗಲೂ ಇದೆ. ಕೆಳಗೆ ಬೆಂಕಿಯ ಬದಲು ಕಸ ಒತ್ತುವ ಯಂತ್ರ.

ಅಲ್ಲಿಗೆ ಮುಗಿಯಿತೇ? ಇಲ್ಲ. ಆಕಾಶ ತಿಳಿಯಾಯಿತು, ಆದರೆ ಕಣ್ಣಿಗೆ ಕಾಣದ್ದು ಉಳಿಯಿತು. ಪಿಎಂ 2.5 ಅನ್ನುತ್ತಾರಲ್ಲ, ಅದು ತಲೆಗೂದಲಿನ ದಪ್ಪದ ಮೂವತ್ತರಲ್ಲಿ ಒಂದು ಭಾಗದಷ್ಟು ಸಣ್ಣ ಕಣ. ಮೂಗು, ಗಂಟಲು ತಡೆಯಲಾರದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. 2008ರ ಡಿಸೆಂಬರಿನಿಂದ ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ ಸುಮಾರು 150 ಕಡೆ ಬೀದಿ ಕಂಬಗಳಿಗೆ ಅಳತೆಯ ಪೆಟ್ಟಿಗೆ ಕಟ್ಟಿತು. ಚಳಿಗಾಲದಲ್ಲಿ ಎಲ್ಲಿ ಗಾಳಿ ಹೆಚ್ಚು ಕೆಟ್ಟಿರುತ್ತದೆ ಅಂತ ನೋಡಿದರೆ, ಮನೆ ಬೆಚ್ಚಗಿಡಲು ನಂಬರ್ 4 ಮತ್ತು ನಂಬರ್ 6 ಅನ್ನುವ ಮಡ್ಡಿ ಎಣ್ಣೆ ಸುಡುವ ಕಟ್ಟಡಗಳು ಒತ್ತಾಗಿರುವ ಕಡೆ. ಅಂಥ ಕಟ್ಟಡಗಳು ಸುಮಾರು 10,000, ನಗರದ ಒಟ್ಟು ಕಟ್ಟಡಗಳಲ್ಲಿ ನೂರಕ್ಕೆ ಒಂದು. ಆದರೆ ಅವು ಉಗುಳುತ್ತಿದ್ದ ಮಸಿ ಇಡೀ ನಗರದ ಕಾರು, ಟ್ರಕ್ಕುಗಳು ಉಗುಳುವುದಕ್ಕಿಂತ ಹೆಚ್ಚು ಅಂತ ನಗರಾಡಳಿತವೇ ಹೇಳಿತು. 2011ರಲ್ಲಿ ನಿಯಮ ಬಂತು. 2015ರ ಮಧ್ಯದ ಹೊತ್ತಿಗೆ ನಂಬರ್ 6 ಹೋಯಿತು. ನಂಬರ್ 4ಕ್ಕೆ 2027ರ ಗಡುವು. ನಗರದ ಗಾಳಿಯಲ್ಲಿದ್ದ ಗಂಧಕದ ಡೈಆಕ್ಸೈಡ್ ಶೇ. 90ಕ್ಕೂ ಹೆಚ್ಚು ಇಳಿಯಿತು.

ಆ ಕಟ್ಟಡಗಳಲ್ಲಿದ್ದ ಬಾಡಿಗೆದಾರರು ದಿನಾ ಎಷ್ಟೇ ಒಳ್ಳೆಯ ಆಯ್ಕೆ ಮಾಡಿದ್ದರೂ ಬಾಯ್ಲರಿನ ಎಣ್ಣೆ ಬದಲಾಗುತ್ತಿರಲಿಲ್ಲ. ಅದು ಮಾಲೀಕನ ಆಯ್ಕೆ. ಅವನನ್ನು ಬದಲಾಯಿಸಿದ್ದು ಕಂಬಕ್ಕೆ ಕಟ್ಟಿದ ಪೆಟ್ಟಿಗೆಯ ಲೆಕ್ಕ ಮತ್ತು ಕಾನೂನು.

ಈಗ ನದಿ ದಾಟಿ ನಮ್ಮ ನ್ಯೂಜೆರ್ಸಿಗೆ ಬನ್ನಿ. ಹಿಂದೆ ಇಲ್ಲಿನ ಟೋಲ್ ಗೇಟುಗಳಲ್ಲಿ ಕಾರುಗಳು ಸಾಲುಗಟ್ಟಿ ನಿಂತು, ನಿಂತು ಹೊರಡುತ್ತಿದ್ದವು. 1990ರ ದಶಕದ ಕೊನೆಯಿಂದ ಈಝೀ ಪಾಸ್ ಬಂತು. ಬಂದ ಉದ್ದೇಶ ಸಮಯ ಉಳಿಸುವುದು, ಆರೋಗ್ಯ ಅಲ್ಲ. ಆದರೆ ಜ್ಯಾನೆಟ್ ಕರಿ ಮತ್ತು ರೀಡ್ ವಾಕರ್ ಎಂಬ ಅರ್ಥಶಾಸ್ತ್ರಜ್ಞರು ನ್ಯೂಜೆರ್ಸಿ ಮತ್ತು ಪೆನ್ಸಿಲ್ವೇನಿಯಾದ ಜನನ ದಾಖಲೆಗಳನ್ನು ತೆಗೆದು ನೋಡಿದರು. 2011ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಟೋಲ್ ಗೇಟಿನಿಂದ 2 ಕಿಲೋಮೀಟರ್ ಒಳಗೆ ವಾಸಿಸುವ ತಾಯಂದಿರಲ್ಲಿ, ಸ್ವಲ್ಪ ದೂರ ಇರುವವರಿಗೆ ಹೋಲಿಸಿದರೆ, ಅವಧಿಗೆ ಮುಂಚಿನ ಹೆರಿಗೆ ಸುಮಾರು ಶೇ. 10.8 ಮತ್ತು ಕಡಿಮೆ ತೂಕದ ಮಕ್ಕಳ ಜನನ ಸುಮಾರು ಶೇ. 11.8 ಇಳಿದಿತ್ತು. ಕಾರುಗಳು ನಿಂತು ಹೊಗೆ ಬಿಡುವುದು ನಿಂತಿತು, ಅಷ್ಟೇ. ಅವಧಿಗೆ ಮುಂಚೆ ಹುಟ್ಟಿದ ಮಗುವನ್ನು ಇನ್‌ಕ್ಯುಬೇಟರಿನಲ್ಲಿ ಕಂಡವರಿಗೆ ಈ ಸಂಖ್ಯೆಯ ಬೆಲೆ ಗೊತ್ತು.

ಆದ್ದರಿಂದ ಶಾಲೆ ಬಿಡುವ ಹೊತ್ತಿಗೆ ಮಕ್ಕಳಿಗೆ ಕಾಯುತ್ತಾ ಎಂಜಿನ್ ಆನ್ ಇಟ್ಟುಕೊಂಡು ಕೂರಬೇಡಿ. ನ್ಯೂಜೆರ್ಸಿಯಲ್ಲಿ ಮೂರು ನಿಮಿಷಕ್ಕಿಂತ ಹೆಚ್ಚು, ನ್ಯೂಯಾರ್ಕ್ ನಗರದಲ್ಲಿ ಶಾಲೆಯ ಪಕ್ಕ ಒಂದು ನಿಮಿಷಕ್ಕಿಂತ ಹೆಚ್ಚು ಹಾಗೆ ನಿಲ್ಲಿಸುವುದು ಕಾನೂನಿಗೆ ವಿರುದ್ಧ. ಹೊಗೆ ಬಿಡುವ ಕೊಳವೆಯ ಎತ್ತರವೂ ಒಂದನೇ ಕ್ಲಾಸಿನ ಮಗುವಿನ ಮೂಗಿಗೆ ಹತ್ತಿರವೇ.

ಇನ್ನೊಂದು ನ್ಯೂಜೆರ್ಸಿಯ ಕಥೆಯನ್ನು ಸ್ವಂತ ಮನೆ ಇರುವವರು ದಯವಿಟ್ಟು ಗಮನವಿಟ್ಟು ಓದಿ. 1984ರ ಡಿಸೆಂಬರಿನಲ್ಲಿ ಪೆನ್ಸಿಲ್ವೇನಿಯಾದ ಲಿಮರಿಕ್ ಅಣುಸ್ಥಾವರದಲ್ಲಿ ಸ್ಟ್ಯಾನ್ಲಿ ವಾಟ್ರಸ್ ಎಂಬ ಎಂಜಿನಿಯರ್ ವಿಕಿರಣ ಪತ್ತೆ ಯಂತ್ರದ ಅಲಾರಂ ಹೊಡೆಸುತ್ತಿದ್ದರು. ವಿಚಿತ್ರ ಏನೆಂದರೆ ಬೆಳಗ್ಗೆ ಕೆಲಸಕ್ಕೆ ಒಳಗೆ ಬರುವಾಗಲೇ ಅದು ಬಡಿಯುತ್ತಿತ್ತು! ಅಂದರೆ ವಿಕಿರಣ ಬರುತ್ತಿದ್ದದ್ದು ಅವರ ಮನೆಯಿಂದ. ಮನೆಯೊಳಗಿನ ರೇಡಾನ್ ಅನಿಲ ಸುಮಾರು 2,700 ಪಿಕೋಕ್ಯೂರಿ. ಸರಿಪಡಿಸಲೇಬೇಕು ಅಂತ ಇವತ್ತು ಇಪಿಎ ಹೇಳುವ ಮಟ್ಟ 4. ನೆಲದಡಿಯ ಬಂಡೆಯಲ್ಲಿರುವ ಯುರೇನಿಯಂನಿಂದ ಹುಟ್ಟುವ ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಅಡಿಪಾಯದ ಬಿರುಕಿನಿಂದ ಬೇಸ್‌ಮೆಂಟಿಗೆ ಏರುತ್ತದೆ. 'ರೀಡಿಂಗ್ ಪ್ರಾಂಗ್' ಎಂಬ ಆ ಬಂಡೆಯ ಪಟ್ಟಿ ಪೆನ್ಸಿಲ್ವೇನಿಯಾದಿಂದ ಉತ್ತರ ನ್ಯೂಜೆರ್ಸಿ ಹಾದು ನ್ಯೂಯಾರ್ಕಿಗೆ ಹೋಗುತ್ತದೆ. 1986ರಲ್ಲಿ ನ್ಯೂಜೆರ್ಸಿಯ ಕ್ಲಿಂಟನ್ ಊರಿನ ಒಂದು ಬಡಾವಣೆಯಲ್ಲಿ ಮನೆ ಮನೆಯಲ್ಲೂ ರೇಡಾನ್ ಸಿಕ್ಕಿ ದೊಡ್ಡ ಸುದ್ದಿಯಾಯಿತು. ಈ ದೇಶದಲ್ಲಿ ವರ್ಷಕ್ಕೆ ಸುಮಾರು 21,000 ಶ್ವಾಸಕೋಶ ಕ್ಯಾನ್ಸರ್ ಸಾವುಗಳಿಗೆ ರೇಡಾನ್ ಕಾರಣ ಅಂತ ಇಪಿಎ ಅಂದಾಜು. ಸಿಗರೇಟು ಬಿಟ್ಟರೆ ಎರಡನೇ ದೊಡ್ಡ ಕಾರಣ ಇದೇ.

ನಮ್ಮ ಎಷ್ಟೋ ಮನೆಗಳಲ್ಲಿ ಬೇಸ್‌ಮೆಂಟನ್ನು ಚೆಂದ ಮಾಡಿಸಿ ಊರಿಂದ ಬಂದ ಅಪ್ಪ ಅಮ್ಮನಿಗೆ ಆರು ತಿಂಗಳು ಅಲ್ಲೇ ಮಲಗಲು ಕೊಡುತ್ತೇವೆ. ಮಕ್ಕಳ ಆಟ ಅಲ್ಲಿ, ವರ್ಕ್ ಫ್ರಮ್ ಹೋಮ್ ಅಲ್ಲಿ. ಇದ್ದಿಲಿನ ಪರೀಕ್ಷಾ ಕಿಟ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಕೆಲವು ದಿನ ಬೇಸ್‌ಮೆಂಟಿನಲ್ಲಿಟ್ಟು ಲ್ಯಾಬಿಗೆ ಕಳಿಸಿದರೆ ಸಂಖ್ಯೆ ಬರುತ್ತದೆ. ಹೆಚ್ಚಿದ್ದರೆ ನೆಲದಡಿಯಿಂದ ಒಂದು ಪೈಪು, ಒಂದು ಫ್ಯಾನು ಹಾಕಿ ಅನಿಲವನ್ನು ಸೂರಿನ ಮೇಲಕ್ಕೆ ಬಿಡುತ್ತಾರೆ. ಪಕ್ಕದ ಮನೆಯಲ್ಲಿ ಕಡಿಮೆ ಬಂತು ಅಂತ ಬಿಡಬೇಡಿ. ಒಂದು ಮನೆಯ ಹಾಗೆ ಇನ್ನೊಂದು ಇರುವುದಿಲ್ಲ.

ಕೊನೆಗೆ ಅಡುಗೆಮನೆ. ಪಶ್ಚಿಮ ಹಾರ್ಲೆಮ್‌ನಲ್ಲಿ 1988ರಲ್ಲಿ ಶುರುವಾದ 'ವೀ ಆಕ್ಟ್' ಎಂಬ ಪರಿಸರ ನ್ಯಾಯ ಸಂಸ್ಥೆ ಬ್ರಾಂಕ್ಸಿನ ಸಾರ್ವಜನಿಕ ವಸತಿಯ 20 ಮನೆಗಳಲ್ಲಿ ಒಂದು ಪ್ರಯೋಗ ಮಾಡಿತು. ಅರ್ಧ ಮನೆಗಳ ಗ್ಯಾಸ್ ಒಲೆ ತೆಗೆದು ಇಂಡಕ್ಷನ್ ಒಲೆ ಕೊಟ್ಟರು, ಉಳಿದರ್ಧ ಮನೆಗಳಲ್ಲಿ ಗ್ಯಾಸೇ ಉಳಿಯಿತು. 2023ರಲ್ಲಿ ಬಂದ ಫಲಿತಾಂಶ: ಇಂಡಕ್ಷನ್ ಮನೆಗಳಲ್ಲಿ ನೈಟ್ರೋಜನ್ ಡೈಆಕ್ಸೈಡ್ ಶೇ. 35ರಷ್ಟು ಕಡಿಮೆ. ಇದು ಶ್ವಾಸನಾಳವನ್ನು ಕೆರಳಿಸುವ ಅನಿಲ. ಗ್ಯಾಸಿನ ನೀಲಿ ಉರಿ ಎಷ್ಟೇ ಸ್ವಚ್ಛವಾಗಿ ಕಂಡರೂ ಅದರಿಂದ ಹುಟ್ಟುತ್ತದೆ.

ಗ್ಯಾಸನ್ನು ದೂರಲು ನಮ್ಮಂಥವರಿಗೆ ಮನಸ್ಸು ಬರುವುದಿಲ್ಲ, ಅದೂ ನನಗೆ ಗೊತ್ತು. ಹೆಂಚೆಲ್ಲ ಕಪ್ಪಾದ ಅಡುಗೆಮನೆಯಲ್ಲಿ ಊದುಗೊಳವೆ ಹಿಡಿದು ಕಣ್ಣೊರೆಸಿಕೊಂಡ ಅಜ್ಜಿಯರ ಮೊಮ್ಮಕ್ಕಳು ನಾವು. ನಮ್ಮ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದ ಸುತ್ತಮುತ್ತ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ತಂಡ ಕೆಲಸ ಮಾಡಿತ್ತು. ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ತಂಡ ಅದು. ಹಳ್ಳಿಯ ಹೆಂಗಸರು ಸೌದೆಗೆ ಎಷ್ಟು ನಡೆಯುತ್ತಾರೆ, ಎಷ್ಟು ಸುಡುತ್ತಾರೆ ಅಂತ ಲೆಕ್ಕ ಹಾಕಿದರು. ಅಂಥ ಕೆಲಸದಿಂದ 1980ರ ದಶಕದ ಆರಂಭದಲ್ಲಿ ಹುಟ್ಟಿದ್ದೇ ಅಸ್ತ್ರ ಒಲೆ. ಮೂರು ಪಾತ್ರೆ ಕೂರುವ ಮಣ್ಣಿನ ಒಲೆ, ಹೊಗೆ ಹೊರಗೆ ಹೋಗಲು ಕೊಳವೆ, ಸೌದೆಯೂ ಉಳಿತಾಯ. ಕರ್ನಾಟಕದ ಸಾವಿರಾರು ಮನೆಗಳಲ್ಲಿ ಅದನ್ನು ಕಟ್ಟಿದರು. ಆಮೇಲೆ ಗ್ಯಾಸ್ ಬಂತು. 2016ರಿಂದ ಉಜ್ವಲಾ ಯೋಜನೆಯಲ್ಲಿ ಬಡವರ ಮನೆಗೂ ಬಂತು. ಸೌದೆಯ ಹೊಗೆಗೆ ಹೋಲಿಸಿದರೆ ಗ್ಯಾಸ್ ಎಷ್ಟೋ ಮೇಲು. ಒಂದು ತಲೆಮಾರಿಗೆ ಅದು ವರ. ಆದರೆ ಕಿಟಕಿ ಮುಚ್ಚಿದ ನಾಲ್ಕು ತಿಂಗಳ ಚಳಿಗಾಲದಲ್ಲಿ, ಜೆರ್ಸಿ ಸಿಟಿಯ ಸಣ್ಣ ಅಪಾರ್ಟ್‌ಮೆಂಟಿನಲ್ಲಿ, ಉಬ್ಬಸದ ಮಗು ಪಕ್ಕದಲ್ಲೇ ಹೋಮ್‌ವರ್ಕ್ ಮಾಡುತ್ತಿರುವಾಗ ಲೆಕ್ಕ ಬೇರೆಯಾಗುತ್ತದೆ. ಒಲೆ ಒಳ್ಳೆಯದೋ ಕೆಟ್ಟದ್ದೋ ಅನ್ನುವುದಕ್ಕಿಂತ ಹೊಗೆ ಹೊರಗೆ ಹೋಗಲು ದಾರಿ ಇದೆಯೋ ಇಲ್ಲವೋ ಅಂತ ಕೇಳಬೇಕು. ಅಸ್ತ್ರ ಒಲೆಯ ಕೊಳವೆ ಕಲಿಸಿದ್ದೂ ಅದನ್ನೇ.

2023ರ ಜೂನ್ 7 ನಿಮಗೆ ನೆನಪಿರಬೇಕು. ಕೆನಡಾದ ಕಾಡ್ಗಿಚ್ಚಿನ ಹೊಗೆ ಬಂದು ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿ, ನ್ಯೂಯಾರ್ಕಿನ ಎಕ್ಯೂಐ 400 ದಾಟಿದ ದಿನ. ಅವತ್ತು ಎಲ್ಲರೂ ಮಾಸ್ಕ್ ಹಾಕಿದರು, ಕಿಟಕಿ ಮುಚ್ಚಿದರು. ಕಂಡ ಹೊಗೆಗೆ ಎಲ್ಲರೂ ಹೆದರುತ್ತಾರೆ. 1953ರಿಂದ ಇಲ್ಲಿಯವರೆಗಿನ ಕಥೆ ಹೇಳುವುದು ಕಾಣದ ಹೊಗೆಯ ವಿಷಯ. ಯಾರೋ ಅಳೆದು, ಎಣಿಸಿ, ಬರೆದು ತೋರಿಸಿದ ಮೇಲೆ ಮಾತ್ರ ಜನರ ಅಭ್ಯಾಸವೂ ಕಾನೂನೂ ಬದಲಾದವು.

ಈಗ ನಮ್ಮ ಪಾಲಿನ ಕೆಲಸ. ಮೊದಲು ನಮ್ಮ ಕೈಯಲ್ಲೇ ಇರುವುದು:

– ಅಡುಗೆ ಶುರು ಮಾಡುವ ಮುಂಚೆಯೇ ಒಲೆಯ ಮೇಲಿನ ಫ್ಯಾನ್ ಹಾಕಿ, ಮುಗಿದ ಮೇಲೂ ಹತ್ತು ನಿಮಿಷ ಓಡಲಿ. ಅದರ ಗಾಳಿ ನಿಮ್ಮ ಮುಖಕ್ಕೇ ಬಡಿಯುತ್ತಿದ್ದರೆ ಅದು ಹೊರಗೆ ಹಾಕುವ ಫ್ಯಾನ್ ಅಲ್ಲ. ಆಗ ಕಿಟಕಿಯನ್ನು ಎರಡಿಂಚು ತೆಗೆಯಿರಿ.
– ಒಗ್ಗರಣೆ, ಕರಿಯುವುದು, ಮೆಣಸಿನಕಾಯಿ ಹುರಿಯುವುದು ಹಿಂದಿನ ಬರ್ನರಿನಲ್ಲಿ ಇರಲಿ. ಫ್ಯಾನು ಅಲ್ಲಿಯ ಹೊಗೆಯನ್ನು ಚೆನ್ನಾಗಿ ಎಳೆಯುತ್ತದೆ. ಘಾಟು ಎದ್ದಾಗ ಉಬ್ಬಸದವರು ಬೇರೆ ಕೋಣೆಯಲ್ಲಿರಲಿ.
– ಬಾಡಿಗೆ ಮನೆಯಾದರೆ ಪ್ಲಗ್ಗಿಗೆ ಹಾಕುವ ಸಣ್ಣ ಇಂಡಕ್ಷನ್ ಒಲೆ ಸಾಕು. ಹಾಲು, ಕಾಫಿ, ಕುಕ್ಕರ್ ಅದರ ಮೇಲೆ ಆಗಲಿ. ಅಲ್ಯೂಮಿನಿಯಂ ಕುಕ್ಕರ್ ಆಗುವುದಿಲ್ಲ, ಅಯಸ್ಕಾಂತ ಅಂಟುವ ತಳ ಬೇಕು. ಅಜ್ಜಿ ಕಾಲದ ಕಬ್ಬಿಣದ ದೋಸೆ ಕಾವಲಿ ಚೆನ್ನಾಗಿ ಕಾಯುತ್ತದೆ.
– ಊದುಬತ್ತಿ, ಸಾಂಬ್ರಾಣಿ ಹೊಗೆಯಲ್ಲೂ ಪಿಎಂ 2.5 ಇದೆ. ಪೂಜೆ ಬಿಡಿ ಅನ್ನುತ್ತಿಲ್ಲ. ಒಂದು ಕಡ್ಡಿ, ತೆರೆದ ಕಿಟಕಿ. ತುಪ್ಪದ ದೀಪ ಒಂದಿದ್ದರೂ ದೇವರು ಕೋಪಿಸಿಕೊಳ್ಳುವುದಿಲ್ಲ.
– ರೇಡಾನ್ ಪರೀಕ್ಷೆ. ಇದೊಂದನ್ನು ಈ ತಿಂಗಳೇ ಮಾಡಿಸಿ.

ಇನ್ನು ಕೇಳಿ ಪಡೆಯಬೇಕಾದ್ದು. ನ್ಯೂಯಾರ್ಕ್ ನಗರದ 2018ರ ಸ್ಥಳೀಯ ಕಾನೂನು 55ರ ಪ್ರಕಾರ, ಬೂಷ್ಟು, ಜಿರಳೆ, ಇಲಿಯ ಕಾಟವನ್ನು ಸರಿಪಡಿಸುವ ಹೊಣೆ ಬಾಡಿಗೆ ಕಟ್ಟಡಗಳ ಮಾಲೀಕರದು. ಮಾಡದಿದ್ದರೆ 311ಕ್ಕೆ ಫೋನ್ ಮಾಡಿ. "ಯಾಕೆ ಬೇಕು ರಗಳೆ, ವೀಸಾದಲ್ಲಿದ್ದೇವೆ" ಅಂತ ಸುಮ್ಮನಿರುವವರನ್ನು ನೋಡಿದ್ದೇನೆ. ದೂರು ಕೊಡುವುದು ಬಾಡಿಗೆದಾರರ ಹಕ್ಕು, ವೀಸಾ ಯಾವುದೇ ಇರಲಿ.

ಕೊನೆಗೂ ಪ್ಯೂರಿಫೈಯರ್. ಬ್ರ್ಯಾಂಡ್ ಹೆಸರು ಹೇಳುವುದಿಲ್ಲ. ಹೆಪಾ ಫಿಲ್ಟರ್ ಇರಲಿ. ಪೆಟ್ಟಿಗೆಯ ಮೇಲೆ ಸಿಎಡಿಆರ್ ಎಂಬ ಸಂಖ್ಯೆ ಇರುತ್ತದೆ. ಅದು ಕೋಣೆಯ ಚದರಡಿಯ ಮೂರರಲ್ಲಿ ಎರಡು ಭಾಗಕ್ಕಿಂತ ಕಡಿಮೆ ಇರಬಾರದು: 180 ಚದರಡಿ ಕೋಣೆಗೆ ಕನಿಷ್ಠ 120. ಓಝೋನ್ ಬಿಡುವ ಯಂತ್ರ ಬೇಡವೇ ಬೇಡ. ಮಗು ಮಲಗುವ ಕೋಣೆಯಲ್ಲಿಡಿ, ಹಾಲ್‌ನಲ್ಲಿ ಶೋಕಿಗಲ್ಲ. ಮತ್ತು ಇದು ನೆನಪಿರಲಿ: ಹೆಪಾ ಹಿಡಿಯುವುದು ಕಣಗಳನ್ನು. ಒಲೆಯ ನೈಟ್ರೋಜನ್ ಡೈಆಕ್ಸೈಡನ್ನಾಗಲಿ, ಬೇಸ್‌ಮೆಂಟಿನ ರೇಡಾನನ್ನಾಗಲಿ ಅದು ಹಿಡಿಯುವುದಿಲ್ಲ. ಅವಕ್ಕೆ ಫ್ಯಾನು, ಕಿಟಕಿ, ಪೈಪೇ ಗತಿ.

ನಿಮ್ಮ ಮನೆಯ ರೇಡಾನ್ ಸಂಖ್ಯೆ ಬಂದ ಮೇಲೆ ಊರಿನ ಹೆಸರಿನ ಜೊತೆ ಕೆಳಗೆ ಬರೆಯಿರಿ, ಅದನ್ನು ನೋಡಿ ಅಕ್ಕಪಕ್ಕದ ಇನ್ನೊಂದು ಮನೆಯವರು ಕಿಟ್ ತರುತ್ತಾರೆ. ಮುಂದಿನ ಭಾಗದಲ್ಲಿ, ಊರಿಂದ ಬರುವ ಅಪ್ಪ ಅಮ್ಮನ ಔಷಧಿ ಚೀಲ ಮತ್ತು ಇಲ್ಲಿನ ಇನ್ಶೂರೆನ್ಸ್ ಬಗ್ಗೆ ಬರೆಯುತ್ತೇನೆ.